ಗಿಟಾರನ್ನು ಕುಳಿತು ನುಡಿಸಬೇಕೋ, ನಿಂತು ನುಡಿಸಬೇಕೋ: ವಾದಕರ ಬಳಗದಲ್ಲಿ ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಬಳಗದ ನಿರ್ವಾಹಕರು: ವೇದಿಕೆಯ ಮೇಲೆ ಗಿಟಾರನ್ನು ಕುಳಿತು ನುಡಿಸುವುದು ಸರಿಯೋ ನಿಂತು ನುಡಿಸುವುದು ಸರಿಯೋ ಎಂಬ ಕಳೆದ ವಾರದ ಚರ್ಚೆ ತೀರ್ಮಾನವಾಗದೆ ಉಳಿಯಿತು. ವಾದಕರ ಕೈ, ಭುಜ ಮತ್ತು ಬೆನ್ನಿನ ತೊಂದರೆಗಳಿಗೆ 14 ವರ್ಷಗಳಿಂದ ಚಿಕಿತ್ಸೆ ನೀಡುತ್ತಿರುವ ನಮ್ಮ ಸದಸ್ಯೆ ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆಗಳು ಇದೇ ವಿಷಯಕ್ಕೆ ಸೀಮಿತವಾಗಿರಲಿ ಎಂದು ವಿನಂತಿ.

ಮೈಸೂರಿನ ಸದಸ್ಯ: ನಮಸ್ಕಾರ ಮೇಡಂ. ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ದಿನಕ್ಕೆ 2 ಗಂಟೆ ಅಭ್ಯಾಸ ಮಾಡುತ್ತೇನೆ. ಕಾಲೇಜಿನ ವೇದಿಕೆಯಲ್ಲಿ ನಿಂತ ಕೂಡಲೇ, ಮನೆಯಲ್ಲಿ ಸಲೀಸಾಗಿ ಬರುತ್ತಿದ್ದ, ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಅಡ್ಡಲಾಗಿ ಒತ್ತುವ ಬಾರ್ ಕಾರ್ಡ್‌ಗಳೂ ತಪ್ಪುತ್ತವೆ, ಮಣಿಕಟ್ಟು ನೋಯುತ್ತದೆ. ಕುಳಿತೇ ನುಡಿಸುವುದು ಒಳ್ಳೆಯದಲ್ಲವೇ?

ಫಿಸಿಯೋಥೆರಪಿಸ್ಟ್: ನಮಸ್ಕಾರ. ನಿಮ್ಮ ಮಣಿಕಟ್ಟು ನೋಯುತ್ತಿರುವುದು ನೀವು ನಿಂತ ಕಾರಣದಿಂದಲ್ಲ, ನಿಂತಾಗ ಗಿಟಾರ್ ಒಂದು ಗೇಣು ಕೆಳಗೆ ಇಳಿಯುವುದರಿಂದ. ಗಿಟಾರ್ ಇಳಿದಷ್ಟೂ ಎಡಗೈಯ ಬೆರಳುಗಳು ತಂತಿಯನ್ನು ತಲುಪಬೇಕಾದರೆ ಮಣಿಕಟ್ಟು ಒಳಕ್ಕೆ ಬಾಗಲೇಬೇಕು. ಬಾಗಿದ ಮಣಿಕಟ್ಟಿನಲ್ಲಿ ಬೆರಳುಗಳ ಹಿಡಿತ ಕುಗ್ಗುತ್ತದೆ; ಕುಗ್ಗಿದ ಹಿಡಿತವನ್ನು ತುಂಬಿಕೊಳ್ಳಲು ಹೆಬ್ಬೆರಳು ಹಿಂದಿನಿಂದ ಇನ್ನಷ್ಟು ಒತ್ತುತ್ತದೆ; ನೋವು ಅಲ್ಲಿಂದ ಆರಂಭವಾಗುತ್ತದೆ. ಕುರ್ಚಿಯಲ್ಲಿ ಕುಳಿತಾಗ ಗಿಟಾರ್ ಎಲ್ಲಿರುತ್ತದೆಯೋ ಎದ್ದು ನಿಂತಾಗಲೂ ಅಲ್ಲಿಯೇ ಇರುವಂತೆ ಸ್ಟ್ರಾಪನ್ನು (ಭುಜಕ್ಕೆ ಹಾಕುವ ಪಟ್ಟಿಯನ್ನು) ಗಿಡ್ಡ ಮಾಡಿ. ಕುಳಿತಾಗಲೂ ಸ್ಟ್ರಾಪ್ ಹಾಕಿಕೊಂಡೇ ಅಭ್ಯಾಸ ಮಾಡಿ. ಕಾರ್ಯಕ್ರಮಕ್ಕೆ 15 ದಿನ ಇರುವಾಗಿನಿಂದ ಅಭ್ಯಾಸದ ಅರ್ಧ ಭಾಗವನ್ನಾದರೂ ನಿಂತು ಮಾಡಿ. ಕುಳಿತು ಕಲಿತದ್ದನ್ನು ವೇದಿಕೆಯ ಮೇಲೆ ಮೊದಲ ಬಾರಿಗೆ ನಿಂತು ನುಡಿಸುವುದೇ ನಾನು ಅತಿ ಹೆಚ್ಚು ಕಾಣುವ ತಪ್ಪು.

ತುಮಕೂರಿನ ಸದಸ್ಯ: ನಾನು ನುಡಿಸುವ ಎಲೆಕ್ಟ್ರಿಕ್ ಗಿಟಾರ್ ಲೆಸ್ ಪಾಲ್ ಮಾದರಿಯದು. ಒಂದು ಗಂಟೆ ನಿಂತರೆ ಎಡ ಭುಜ ಮತ್ತು ಕತ್ತು ಹಿಡಿದುಕೊಳ್ಳುತ್ತವೆ.

ಫಿಸಿಯೋಥೆರಪಿಸ್ಟ್: ಆ ಮಾದರಿಯ ಗಿಟಾರ್ 4 ಕಿಲೋಗ್ರಾಂಗಿಂತ ಹೆಚ್ಚು ತೂಗುವುದು ಸಾಮಾನ್ಯ. ಅಷ್ಟೂ ಭಾರ 5 ಸೆಂಟಿಮೀಟರ್ ಅಗಲದ ಪಟ್ಟಿಯ ಮೂಲಕ ಒಂದೇ ಭುಜದ ಮೇಲೆ ಬೀಳುತ್ತದೆ. 8 ಅಥವಾ 9 ಸೆಂಟಿಮೀಟರ್ ಅಗಲದ, ಒಳಗೆ ಮೆತ್ತೆಯಿರುವ ಪಟ್ಟಿಯನ್ನು ಕೊಳ್ಳಿ. ಪಟ್ಟಿ ಕತ್ತಿನ ಬುಡಕ್ಕೆ ಜಾರದೆ ಭುಜದ ಮಧ್ಯದಲ್ಲಿ ಕೂರಲಿ. ಎರಡು ಹಾಡುಗಳ ನಡುವೆ ಗಿಟಾರನ್ನು ಕೆಳಗಿಳಿಸಿ. ಅಷ್ಟಾದರೂ ತೋಳಿನವರೆಗೆ ಜೋಮು ಹಿಡಿಯುತ್ತಿದ್ದರೆ ಹತ್ತಿರದ ವೈದ್ಯರಿಗೆ ತೋರಿಸಿ.

ಹಾಸನದ ಸದಸ್ಯೆ: ನನ್ನ ಮಗಳಿಗೆ 9 ವರ್ಷ, ಶಾಲಾ ವಾರ್ಷಿಕೋತ್ಸವದಲ್ಲಿ ನುಡಿಸುತ್ತಾಳೆ. ಅವಳನ್ನು ಯಾವ ಎತ್ತರದ ಕುರ್ಚಿಯಲ್ಲಿ ಕೂರಿಸಬೇಕು?

ಬೆಂಗಳೂರಿನ ಸದಸ್ಯ: ಮೇಡಂ ಅವರ ಸಲಹೆಗಳನ್ನು ಗೌರವಿಸುತ್ತಲೇ ಒಂದು ಮಾತು ಹೇಳುತ್ತೇನೆ. ಬ್ಯಾಂಡ್‌ನಲ್ಲಿ ನುಡಿಸುವವನು ಕುಳಿತರೆ ಕೇಳುಗರೊಂದಿಗಿನ ಸಂಬಂಧ ಅಲ್ಲಿಗೇ ಕಡಿದುಹೋಗುತ್ತದೆ. ಡ್ರಮ್ಸ್ ನುಡಿಸುವವನ ಕಣ್ಣನ್ನು, ಹಾಡುವವನ ಉಸಿರನ್ನು ನಾನು ನಿಂತು ತಿರುಗಿ ನೋಡಿಯೇ ಹಿಡಿಯಬೇಕು. ಕುಳಿತು ನುಡಿಸುವುದು ಸುಗಮ ಸಂಗೀತದ ವೇದಿಕೆಯಲ್ಲಿ ಗಾಯಕರ ಹಿಂದೆ ಕೂರುವವರಿಗೆ ಸರಿ.

ಶಿವಮೊಗ್ಗದ ಸದಸ್ಯ: ಗಾಯಕರ ಹಿಂದೆ ಕೂರುವವರು ಎಂದು ಹಗುರವಾಗಿ ಹೇಳಬೇಡಿ. ನಾನು 22 ವರ್ಷಗಳಿಂದ ಭಾವಗೀತೆಗಳಿಗೆ ಕುಳಿತೇ ನುಡಿಸುತ್ತಿದ್ದೇನೆ. ಪ್ರಸನ್ನ ಅವರು ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ನೆಲದ ಮೇಲೆ ಕುಳಿತೇ ನುಡಿಸುತ್ತಾರೆ. ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿದ ಮೋಹನವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು ನುಡಿಸಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಅವರ ಕೇಳುಗರ ಸಂಬಂಧ ಕಡಿದುಹೋಯಿತೇ?

ಬೆಂಗಳೂರಿನ ಸದಸ್ಯ: ಅದು ಕಛೇರಿಯ ಪದ್ಧತಿ. ಕೇಳುಗರೂ ಕುಳಿತಿರುತ್ತಾರೆ. ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರನ್ನು ಕುರ್ಚಿಯಲ್ಲಿ ಕೂರಿಸಿ ನೋಡಿ, ಆಮೇಲೆ ಮಾತನಾಡೋಣ.

ಶಿವಮೊಗ್ಗದ ಸದಸ್ಯ: ಜೆಫ್ ಹೀಲಿ ಎಂಬ ಅಂಧ ಕಲಾವಿದರು ಕುರ್ಚಿಯಲ್ಲಿ ಕುಳಿತು, ಗಿಟಾರನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡೇ ರಾಕ್ ಸಂಗೀತ ನುಡಿಸಿದರು. ಬಿ. ಬಿ. ಕಿಂಗ್ ಅವರು ಕೊನೆಯ ವರ್ಷಗಳಲ್ಲಿ ಕುಳಿತೇ ಬ್ಲೂಸ್ ನುಡಿಸಿದರು. ಹೆಸರುಗಳನ್ನು ಹೇಳುವ ಮೊದಲು ಕೇಳಿ ತಿಳಿಯುವುದು ಒಳ್ಳೆಯದು.

ಫಿಸಿಯೋಥೆರಪಿಸ್ಟ್: ಇಬ್ಬರಲ್ಲೂ ವಿನಂತಿ. ಮೋಹನವೀಣೆಯನ್ನು ಈ ಹೋಲಿಕೆಗೆ ತರಬೇಡಿ. ಅಲ್ಲಿ ಎಡಗೈ ಉಕ್ಕಿನ ಸರಳನ್ನು ತಂತಿಗಳ ಮೇಲಿನಿಂದ ಜಾರಿಸುತ್ತದೆ, ವಾದ್ಯದ ಕತ್ತನ್ನು ಹಿಂದಿನಿಂದ ಹಿಡಿಯುವುದೇ ಇಲ್ಲ. ಆದ್ದರಿಂದ ಮಣಿಕಟ್ಟಿನ ಪ್ರಶ್ನೆಯೇ ಬೇರೆ. ಕುಳಿತವರಿಗೂ ತೊಂದರೆಗಳಿವೆ. ಎಡಗಾಲನ್ನು ಕಾಲುಮಣೆಯ ಮೇಲಿಟ್ಟು ಗಂಟೆಗಟ್ಟಲೆ ನುಡಿಸುವ ಕ್ಲಾಸಿಕಲ್ ವಾದಕರಲ್ಲಿ ಸೊಂಟ ಒಂದು ಕಡೆಗೆ ತಿರುಚಿಕೊಂಡು ಕೆಳಬೆನ್ನು ನೋಯುವುದನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ಅಂಥವರಿಗೆ ಎರಡೂ ಪಾದಗಳನ್ನು ನೆಲದ ಮೇಲೆ ಊರಿ, ತೊಡೆಗೆ ಆಧಾರವನ್ನು ಇಟ್ಟು ಗಿಟಾರನ್ನು ಎತ್ತರಿಸಲು ಹೇಳುತ್ತೇನೆ.

ಧಾರವಾಡದ ಸದಸ್ಯ: ಮೇಡಂ, ನನಗೆ 36 ವರ್ಷ. ಮದುವೆ ಮತ್ತು ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ 17 ವರ್ಷಗಳಿಂದ ನಿಂತೇ ನುಡಿಸುತ್ತಿದ್ದೇನೆ. ನಾಲ್ಕು ತಿಂಗಳಿನಿಂದ ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ನುಡಿಸುವಾಗ ತಾವಾಗಿಯೇ ಅಂಗೈಯೊಳಗೆ ಮಡಚಿಕೊಳ್ಳುತ್ತವೆ. ನೋವಿಲ್ಲ, ಜೋಮಿಲ್ಲ. ಬೈಕ್ ಓಡಿಸುವಾಗ, ಊಟ ಮಾಡುವಾಗ, ಮೊಬೈಲ್ ಹಿಡಿಯುವಾಗ ಏನೂ ಇಲ್ಲ. ನಿಲ್ಲುವುದರಿಂದ ಹೀಗಾಗಿದೆ ಎಂದು ಭಾವಿಸಿ ಮೂರು ವಾರಗಳ ಹಿಂದೆ ಕುಳಿತು ನುಡಿಸಲು ಆರಂಭಿಸಿದೆ. ಹತ್ತು ದಿನ ಬಹಳ ಸುಧಾರಿಸಿತು, ಈಗ ಮತ್ತೆ ಮೊದಲಿನಂತಾಗಿದೆ. ಬೆರಳು ಬಲಗೊಳ್ಳಲಿ ಎಂದು ಅಭ್ಯಾಸವನ್ನು ದಿನಕ್ಕೆ 5 ಗಂಟೆಗೆ ಏರಿಸಿದ್ದೇನೆ. ಕುಳಿತೇ ಮುಂದುವರಿಸಲೇ ಅಥವಾ ಮತ್ತೆ ನಿಲ್ಲಲೇ?

ಬೀದರಿನ ಸದಸ್ಯ: ಮೇಡಂ, ಕುಳಿತು ನುಡಿಸುವುದು ಒಳ್ಳೆಯದೋ, ನಿಂತು ನುಡಿಸುವುದೋ?

ಫಿಸಿಯೋಥೆರಪಿಸ್ಟ್: ಬೀದರಿನವರಿಗೆ: ಮೇಲೆ ಉತ್ತರಿಸಿದ್ದೇನೆ, ಓದಿ.

ಧಾರವಾಡದವರಿಗೆ: ನಿಮ್ಮ ಪ್ರಶ್ನೆಯನ್ನು ಮೂರು ಬಾರಿ ಓದಿದೆ. ದಯವಿಟ್ಟು ಆ 5 ಗಂಟೆಗಳ ಅಭ್ಯಾಸವನ್ನು ಇಂದೇ ನಿಲ್ಲಿಸಿ. ಮೊಣಕೈಯಲ್ಲಿ ನರ ಒತ್ತಿದ್ದರೆ ಸಾಮಾನ್ಯವಾಗಿ ಕಿರುಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತವೆ, ರಾತ್ರಿ ಮೊಣಕೈ ಮಡಚಿ ಮಲಗಿದಾಗ ಹೆಚ್ಚುತ್ತದೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕಾಗದವನ್ನು ಹಿಡಿಯಲೂ ಬಲ ಸಾಲದಾಗುತ್ತದೆ. ನೀವು ವಿವರಿಸಿದ್ದರಲ್ಲಿ ಅದಾವುದೂ ಇಲ್ಲ. ನೋವಿಲ್ಲದೆ, ಜೋಮಿಲ್ಲದೆ, ಬೇರೆಲ್ಲ ಕೆಲಸಗಳಲ್ಲಿ ಸರಿಯಾಗಿದ್ದು, ಗಿಟಾರ್ ಹಿಡಿದಾಗ ಮಾತ್ರ ಬೆರಳುಗಳು ತಮ್ಮಷ್ಟಕ್ಕೆ ಮಡಚಿಕೊಳ್ಳುತ್ತವೆ ಎಂದರೆ ಫೋಕಲ್ ಡಿಸ್ಟೋನಿಯಾ ಇರಬಹುದೇ ಎಂದು ನೋಡಲೇಬೇಕು. ಇದು ಬೆರಳಿನ ದೌರ್ಬಲ್ಯವಲ್ಲ. ಒಂದೇ ಚಲನೆಯನ್ನು ಲಕ್ಷಾಂತರ ಬಾರಿ ಮಾಡಿದ ಮೇಲೆ, ಪಕ್ಕಪಕ್ಕದ ಬೆರಳುಗಳನ್ನು ಬೇರೆಬೇರೆಯಾಗಿ ಗುರುತಿಸಿ ನಡೆಸುವ ಮಿದುಳಿನ ಭಾಗಗಳು ಒಂದರೊಳಗೊಂದು ಕಲೆಸಿಹೋಗುತ್ತವೆ. ಒಂದು ಬೆರಳಿಗೆ ಕೊಟ್ಟ ಆಜ್ಞೆ ಮತ್ತೊಂದಕ್ಕೂ ಹೋಗುತ್ತದೆ. ಆದ್ದರಿಂದಲೇ ಹಟದಿಂದ ಮಾಡಿದ ಅಭ್ಯಾಸ ಅದನ್ನು ಗುಣಪಡಿಸದೆ ಇನ್ನಷ್ಟು ಬೇರೂರಿಸುತ್ತದೆ.

ಕುಳಿತ ಮೇಲೆ ಹತ್ತು ದಿನ ಸುಧಾರಿಸಿತು ಎಂಬ ನಿಮ್ಮ ಮಾತು ನನ್ನ ಅನುಮಾನವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿತು. ಭಂಗಿ ಬದಲಾದಾಗ ಗಿಟಾರಿನ ಕೋನ, ತೊಡೆಗೆ ತಾಗುವ ಒತ್ತಡ, ತೋಳಿನ ಭಾರ ಎಲ್ಲವೂ ಮಿದುಳಿಗೆ ಹೊಸದಾಗಿ ಕಾಣುತ್ತವೆ. ಆ ಹೊಸತನ ಇರುವಷ್ಟು ದಿನ ಹಳೆಯ ತಪ್ಪು ಚಲನೆ ಹಿಂದೆ ಸರಿಯಬಹುದು, ಹೊಸ ಭಂಗಿ ರೂಢಿಯಾದ ಕೂಡಲೇ ಮತ್ತೆ ಬರುತ್ತದೆ. ಹಾಗಾಗಿ ಕುಳಿತುಕೊಳ್ಳುವುದಾಗಲಿ ನಿಲ್ಲುವುದಾಗಲಿ ನಿಮಗೆ ಚಿಕಿತ್ಸೆಯಲ್ಲ. ವೃತ್ತಿಪರ ವಾದಕರಲ್ಲಿ ಸುಮಾರು 100 ಮಂದಿಗೆ ಒಬ್ಬರಲ್ಲಿ ಇದು ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಪುರುಷರಲ್ಲಿ, ಹೆಚ್ಚಾಗಿ ನಿಮ್ಮ ವಯಸ್ಸಿನಲ್ಲೇ. ಪಿಯಾನೋ ವಾದಕ ಲಿಯಾನ್ ಫ್ಲೈಷರ್ ಅವರಿಗೆ 1960ರ ದಶಕದಲ್ಲಿ ಬಲಗೈಯ ಇದೇ ಎರಡು ಬೆರಳುಗಳು ಮಡಚಿಕೊಂಡವು. ಅವರು ದಶಕಗಳ ಕಾಲ ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿ, 1990ರ ದಶಕದಲ್ಲಿ ಚಿಕಿತ್ಸೆಯ ನೆರವಿನಿಂದ ಎರಡೂ ಕೈಗಳಿಗೆ ಮರಳಿದರು. ಗಿಟಾರ್ ವಾದಕ ಡೇವಿಡ್ ಲೈಸ್ನರ್ ಅವರೂ ಇದರಿಂದ ಹೊರಬಂದವರೇ.

ರೋಗವನ್ನು ನಿರ್ಧರಿಸುವುದು ನನ್ನ ಕೆಲಸವಲ್ಲ, ನರರೋಗ ತಜ್ಞರದು. ಎನ್‌ಸಿವಿ (ನರದಲ್ಲಿ ಸಂಕೇತ ಹರಿಯುವ ವೇಗವನ್ನು ಅಳೆಯುವ) ಪರೀಕ್ಷೆಯ ಮೂಲಕ ನರದ ಒತ್ತಡ ಇಲ್ಲವೆಂದು ಅವರು ಮೊದಲು ಖಚಿತಪಡಿಸಿಕೊಳ್ಳಬಹುದು. ಹುಬ್ಬಳ್ಳಿಯಲ್ಲಿ ತೋರಿಸಿ, ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಪತ್ರ ಬರೆಸಿಕೊಳ್ಳಿ.

ಬೆಳಗಾವಿಯ ಸದಸ್ಯ: ಧಾರವಾಡದ ಮಿತ್ರರಿಗೆ ಉಪಯೋಗವಾಗಲೆಂದು ಬೇರೆ ಗುಂಪಿನಲ್ಲಿ ಬಂದದ್ದನ್ನು ಹಂಚುತ್ತಿದ್ದೇನೆ. "ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕಾವಲಿಯ ಮೇಲೆ ಬಿಸಿ ಮಾಡಿ ಕೈಗೆ ಕಟ್ಟಿರಿ. ಪ್ರತಿಯೊಂದು ಬೆರಳನ್ನೂ ಮೂರು ಬಾರಿ ಎಳೆದು ನೆಟಿಗೆ ತೆಗೆಯಿರಿ. ನರಗಳ ಯಾವುದೇ ತೊಂದರೆ 21 ದಿನಗಳಲ್ಲಿ ಮಾಯ."

ಫಿಸಿಯೋಥೆರಪಿಸ್ಟ್: ಈ ಸಂದೇಶ ಈ ವರ್ಷ ನನಗೆ ಬಂದಿರುವುದು ಇದು ಆರನೆಯ ಬಾರಿ. ಯಾರೂ ಇದನ್ನು ಪಾಲಿಸಬೇಡಿ. ನರದ ತೊಂದರೆಯಿಂದ ಜೋಮು ಹಿಡಿದ ಕೈಗೆ ಬಿಸಿ ತಿಳಿಯುವುದಿಲ್ಲ. ಚರ್ಮ ಸುಟ್ಟು ಬೊಬ್ಬೆ ಎದ್ದ ಮೇಲೆ ನನ್ನ ಬಳಿ ಬಂದವರಿದ್ದಾರೆ. ಅವರಲ್ಲಿ ಮಧುಮೇಹವಿದ್ದ ಒಬ್ಬರ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ತಂತಿ ಒತ್ತುವ ಬೆರಳನ್ನು ಹಾಗೆ ಎಳೆದರೆ ನರ ಸಡಿಲವಾಗುವುದಿಲ್ಲ, ಕೀಲಿನ ಕಟ್ಟುಗಳಿಗೆ ಪೆಟ್ಟಾಗುತ್ತದೆ.

ಬೆಳಗಾವಿಯ ಸದಸ್ಯ: ನಮ್ಮ ಅಜ್ಜಿಯ ಮೊಣಕಾಲು ಎಕ್ಕದ ಎಲೆಯಿಂದಲೇ ವಾಸಿಯಾಯಿತು. ಹಿರಿಯರ ಅನುಭವವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ.

ಫಿಸಿಯೋಥೆರಪಿಸ್ಟ್: ನಿಮ್ಮ ಅಜ್ಜಿಗೆ ಇದ್ದದ್ದು ಮೊಣಕಾಲು ನೋವು. ಇಲ್ಲಿ ಕೇಳಿದವರಿಗೆ ನೋವೇ ಇಲ್ಲ. ಇವರ ಅನ್ನ ಆ ಎರಡು ಬೆರಳುಗಳ ಮೇಲಿದೆ. 21 ದಿನ ಎಲೆ ಕಟ್ಟಿಕೊಂಡು ಕಾಯುವುದೆಂದರೆ 21 ದಿನ ತಪ್ಪು ಚಲನೆಯನ್ನೇ ಅಭ್ಯಾಸ ಮಾಡುವುದು. ಸಂದೇಶವನ್ನು ಅಳಿಸಿ.

ಬೆಂಗಳೂರಿನ ಸದಸ್ಯ: ಕುಳಿತು ನುಡಿಸಿದರೂ ವಾಸಿಯಾಗಲಿಲ್ಲ ಎಂದು ಧಾರವಾಡದವರೇ ಹೇಳಿದ್ದಾರೆ. ಅಂದರೆ ನಿಲ್ಲುವುದರಲ್ಲಿ ದೋಷವಿಲ್ಲ ಎಂಬ ನನ್ನ ಮಾತೇ ನಿಜವಾಯಿತು.

ಶಿವಮೊಗ್ಗದ ಸದಸ್ಯ: ಒಬ್ಬರ ಕಷ್ಟವನ್ನು ನಿಮ್ಮ ವಾದ ಗೆಲ್ಲಲು ಬಳಸಿಕೊಳ್ಳುತ್ತಿದ್ದೀರಿ. ಇಷ್ಟು ವರ್ಷ ವೇದಿಕೆ ಹತ್ತಿದವರಿಗೆ ಇಷ್ಟಾದರೂ ಸೂಕ್ಷ್ಮತೆ ಇರಬೇಕು.

ಬೆಂಗಳೂರಿನ ಸದಸ್ಯ: ಸೂಕ್ಷ್ಮತೆಯ ಪಾಠವನ್ನು ನಿಮ್ಮಿಂದ ಕಲಿಯಬೇಕಾಗಿಲ್ಲ.

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಸಂದೇಶ ಬಂದರೆ ಇಂದಿನ ಮಟ್ಟಿಗೆ ಇಬ್ಬರನ್ನೂ ತಡೆಹಿಡಿಯುತ್ತೇನೆ.

ಉಡುಪಿಯ ಸದಸ್ಯೆ: ನಾನು ಹಾಡುತ್ತಲೇ ಗಿಟಾರ್ ನುಡಿಸುತ್ತೇನೆ. ಕುಳಿತರೆ ಉಸಿರು ಸಾಲುವುದಿಲ್ಲ.

ಫಿಸಿಯೋಥೆರಪಿಸ್ಟ್: ತಗ್ಗು ಕುರ್ಚಿಯಲ್ಲಿ ಗಿಟಾರಿನ ಮೇಲೆ ಬಗ್ಗಿದರೆ ಹೊಟ್ಟೆ ಒತ್ತಿ ಉಸಿರು ಕುಗ್ಗುತ್ತದೆ. ಕೈಗಳಿಲ್ಲದ ಎತ್ತರದ ಸ್ಟೂಲಿನ ಅಂಚಿನಲ್ಲಿ, ಒಂದು ಪಾದವನ್ನು ನೆಲಕ್ಕೆ ಊರಿ ಕುಳಿತು, ಸ್ಟ್ರಾಪ್ ಹಾಕಿಕೊಳ್ಳಿ. ಮೈಕನ್ನು ಬಾಯಿಯ ಬಳಿಗೆ ತನ್ನಿ, ಬಾಯಿಯನ್ನು ಮೈಕಿನ ಬಳಿಗೆ ಒಯ್ಯಬೇಡಿ.

ಕಲಬುರಗಿಯ ಸದಸ್ಯ: ಕೊನೆಗೆ ಕುಳಿತು ನುಡಿಸಬೇಕೋ ನಿಂತೋ, ಒಂದು ಮಾತಿನಲ್ಲಿ ಹೇಳಿ ಮೇಡಂ.

ಫಿಸಿಯೋಥೆರಪಿಸ್ಟ್: ಒಂದು ಮಾತಿನಲ್ಲಿ ಹೇಳುವಂಥದ್ದಲ್ಲ. ಮೈಸೂರಿನವರಿಗೆ ಕೊಟ್ಟ ಉತ್ತರವನ್ನು ನೋಡಿ.

ಹಾಸನದ ಸದಸ್ಯೆ: ಮಗುವಿನ ಕುರ್ಚಿಯ ಬಗ್ಗೆ ಕೇಳಿದ್ದೆ. ಜಗಳವಾಡುವವರಿಗೆ ಸಿಕ್ಕ ಉತ್ತರ ನಮಗೆ ಸಿಗಲಿಲ್ಲ.

ಧಾರವಾಡದ ಸದಸ್ಯ: ಮೇಡಂ, ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಎಂಟು ದಿನಗಳಲ್ಲಿ ಕಾರ್ಯಕ್ರಮವಿದೆ, ಮುಂಗಡ ಹಣ ಪಡೆದಾಗಿದೆ. ಏನು ಮಾಡಲಿ?

ಫಿಸಿಯೋಥೆರಪಿಸ್ಟ್: ಹೆದರಬೇಡಿ. ಒಪ್ಪಿಕೊಂಡದ್ದನ್ನು ಮುಗಿಸಿ, ಆದರೆ ಬೆರಳು ಮಡಚಿಕೊಳ್ಳುವಂಥ, ಹಾಡಿನ ನಡುವಿನ ವಾದ್ಯದ ಬಿಟ್‌ಗಳನ್ನು ಕೀಬೋರ್ಡ್‌ನವರಿಗೆ ಬಿಟ್ಟುಕೊಡಿ. ನೀವು ತೋರುಬೆರಳು ಮತ್ತು ಮಧ್ಯದ ಬೆರಳಿನಿಂದ ಹಿಡಿಯಬಹುದಾದ ಕಾರ್ಡ್‌ಗಳನ್ನು ಮಾತ್ರ ನುಡಿಸಿ. ಕುಳಿತಾಗ ಒಮ್ಮೆ, ನಿಂತಾಗ ಒಮ್ಮೆ, ಅದೇ ನಾಲ್ಕು ಸಾಲುಗಳನ್ನು ನಿಧಾನವಾಗಿ ನುಡಿಸಿ ಮೊಬೈಲಿನಲ್ಲಿ ಚಿತ್ರೀಕರಿಸಿ. ಎಡಗೈಯ ಹಿಂಭಾಗ ಮತ್ತು ಮಣಿಕಟ್ಟು ಎರಡೂ ಕಾಣಬೇಕು. ವೈದ್ಯರ ಮುಂದೆ ಬರಿಗೈಯನ್ನು ತೋರಿಸಿದರೆ ಎಲ್ಲವೂ ಸರಿಯಾಗಿದೆ ಎನ್ನುತ್ತಾರೆ, ಆದ್ದರಿಂದ ಗಿಟಾರನ್ನೂ ಹೊತ್ತುಕೊಂಡೇ ಹೋಗಿ.

ಧಾರವಾಡದ ಸದಸ್ಯ: ಸೋಮವಾರ ಹುಬ್ಬಳ್ಳಿಗೆ ಹೋಗುತ್ತೇನೆ. ಗಿಟಾರನ್ನು ತೆಗೆದುಕೊಂಡು ಹೋಗುತ್ತೇನೆ.