ಕಿವಿಯಲ್ಲಿ ಆಡುವ ಕಂಪ್ಯೂಟರ್ ಆಟ ಶುರುವಾಗಿದ್ದು ಎಲ್ಲಿಂದ?

ಗುಬ್ಬಿ ಮೇಷ್ಟ್ರು:
ತುಮಕೂರು ಕಡೆಯ ಗೆಳೆಯರಲ್ಲಿ ಒಂದು ಪ್ರಶ್ನೆ. ಹೋದ ವಾರ ತರಗತಿಯಲ್ಲಿ ಕಂಪ್ಯೂಟರ್ ಬಗ್ಗೆ ಮಾತಾಡುವಾಗ, ಕಣ್ಣು ಕಾಣದವರು ಆಡುವ ಆಟಗಳ ಕಥೆ 1978ರ ಸೈಮನ್‌ನಿಂದ ಶುರು ಅಂತ ಹೇಳಿಬಿಟ್ಟೆ. ಗೊತ್ತಿಲ್ಲದವರಿಗೆ: ಸೈಮನ್ ಅಂದರೆ ದುಂಡಗಿನ ಒಂದು ಎಲೆಕ್ಟ್ರಾನಿಕ್ ಆಟಿಕೆ. ನಾಲ್ಕು ಬಣ್ಣದ ಗುಂಡಿ, ಒಂದೊಂದಕ್ಕೂ ಒಂದೊಂದು ಸ್ವರ. ಅದು ನುಡಿಸಿದ ಕ್ರಮದಲ್ಲೇ ನಾವು ಒತ್ತಬೇಕು, ಪ್ರತಿ ಸಲ ಒಂದು ಸ್ವರ ಜಾಸ್ತಿಯಾಗುತ್ತಾ ಹೋಗುತ್ತದೆ. ಬಣ್ಣ ನೋಡದೆ ಸ್ವರ ಕೇಳಿಯೇ ಆಡಬಹುದು.

ಒಂಬತ್ತನೇ ತರಗತಿಯ ಒಬ್ಬ ಹುಡುಗ, ಹುಟ್ಟಿನಿಂದ ಅವನಿಗೆ ದೃಷ್ಟಿ ಇಲ್ಲ, ಎದ್ದು ನಿಂತು "ಸರ್, ಅದು ನಮಗೆ ಅಂತ ಮಾಡಿದ್ದಲ್ಲ, ನಾವೂ ಆಡಬಹುದು ಅಷ್ಟೇ" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಅವನು ಹೇಳಿದ್ದು ಸರಿಯಾ? ಹಾಗಾದರೆ ಲೆಕ್ಕ ಎಲ್ಲಿಂದ ಹಿಡಿಯಬೇಕು?

ಸಿರಾ ಸೀಮೆ:
ಹುಡುಗ ಸರಿಯಾಗೇ ಹೇಳಿದ್ದಾನೆ ಮೇಷ್ಟ್ರೇ. ಆದರೆ ಸೈಮನ್‌ಗೂ ಮೊದಲು ಅಟಾರಿ ಕಂಪನಿಯವರ ಟಚ್ ಮಿ ಅನ್ನುವ ಅಂಥದ್ದೇ ಆಟ ಇತ್ತು, 1974ರದ್ದು. ಅದನ್ನು ನೋಡಿ, ಆಟ ಚೆನ್ನಾಗಿದೆ ಸದ್ದು ಮಾತ್ರ ಕೆಟ್ಟದಾಗಿದೆ ಅನ್ನಿಸಿ, ರಾಲ್ಫ್ ಬೇರ್ ಮತ್ತು ಹೋವರ್ಡ್ ಮಾರಿಸನ್ ಸೈಮನ್ ಮಾಡಿದರು. ಯಾವ ಕ್ರಮದಲ್ಲಿ ಬಂದರೂ ಕಿವಿಗೆ ಒಪ್ಪಬೇಕು ಅಂತ ಬ್ಯೂಗಲ್ ಅನ್ನುವ ಕಹಳೆಯ ನಾಲ್ಕು ಸ್ವರ ಆರಿಸಿಕೊಂಡರು. ಸದ್ದಿನ ಬಗ್ಗೆ ಇಷ್ಟು ಯೋಚಿಸಿದರೂ ಅವರ ಮನಸ್ಸಿನಲ್ಲಿ ಕಣ್ಣು ಕಾಣದವರು ಇರಲಿಲ್ಲ.

ನಾನು ಪ್ರೋಗ್ರಾಂ ಬರೆಯುವವನು, ನನ್ನ ಲೆಕ್ಕವೇ ಬೇರೆ. ನಿಜವಾದ ಶುರು ಅಕ್ಷರದ ಆಟಗಳಿಂದ. ವಿಲ್ ಕ್ರೌಥರ್ 1976ರ ಸುಮಾರಿಗೆ ಗುಹೆಯೊಳಗೆ ಅಲೆಯುವ ಒಂದು ಆಟ ಬರೆದ, ಮರುವರ್ಷ ಡಾನ್ ವುಡ್ಸ್ ಅದನ್ನು ಬೆಳೆಸಿದ. ಆಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋರ್ಕ್ ಅನ್ನುವ ಅಂಥದ್ದೇ ಆಟ ಬಂತು. ಚಿತ್ರ ಒಂದೂ ಇಲ್ಲ. ಎದುರಿಗೆ ಏನಿದೆ ಅಂತ ಅದು ಬರೆದು ಹೇಳುತ್ತದೆ, "ಉತ್ತರಕ್ಕೆ ಹೋಗು", "ದೀಪ ತಗೋ" ಅಂತ ನಾವು ಟೈಪ್ ಮಾಡಬೇಕು. 1980ರ ದಶಕದಲ್ಲಿ ಆಪಲ್ 2 ಕಂಪ್ಯೂಟರ್‌ಗೆ ಎಕೋ ಅನ್ನುವ ಮಾತಾಡುವ ಕಾರ್ಡ್ ಹಾಕಿಕೊಂಡರೆ ಪರದೆ ಮೇಲಿನ ಅಕ್ಷರವನ್ನೆಲ್ಲ ಅದು ಓದುತ್ತಿತ್ತು. ಕಣ್ಣಿದ್ದವನಿಗೂ ಇಲ್ಲದವನಿಗೂ ಅದೇ ಆಟ, ಅದೇ ಒಗಟು. ಇದಕ್ಕಿಂತ ಸಮ ಇನ್ನೇನು ಬೇಕು?

ತಿಪಟೂರು ಕೊಬ್ಬರಿ:
ನಾನು ಕಣ್ಣು ಕಾಣದವನು, ಆಟ ಆಡುವವನು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಜೋರ್ಕ್ ನಾನೂ ಆಡಿದ್ದೇನೆ, ಇಷ್ಟಪಟ್ಟೇ ಆಡಿದ್ದೇನೆ. ಆದರೆ ಸಿರಾ ಅಣ್ಣ, ಅದು ಓದುವ ಆಟ. ಕಂಪ್ಯೂಟರ್ ಓದಿ ಹೇಳುತ್ತದೆ, ನಾನು ಕೇಳುತ್ತೇನೆ. ಕಿವಿ ಅಲ್ಲಿ ಕಣ್ಣಿನ ಬದಲಿ ಕೆಲಸ ಮಾಡುತ್ತಿದೆ, ಅದರ ಸ್ವಂತ ಕೆಲಸ ಅಲ್ಲ.

ಕಿವಿಯ ಸ್ವಂತ ಕೆಲಸ ಅಂದರೆ ಏನು ಅಂತ ನಮ್ಮ ಮನೆಯದ್ದೇ ಹೇಳುತ್ತೇನೆ. ನಮ್ಮಲ್ಲಿ ಕೊಬ್ಬರಿಗೆ ಬಿಟ್ಟ ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲಿರುತ್ತದೆ. ಸಿಪ್ಪೆ ಒಣಗಿದ ಮೇಲೆ ಹೊರಗಿನಿಂದ ನೋಡಿದರೆ ಎಲ್ಲ ಕಾಯಿಯೂ ಒಂದೇ ಥರ. ಒಂದನ್ನು ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಇನ್ನೂ ಹಸಿ, ವಾಪಸ್ ಇಡು. ನೀರಿನ ಸದ್ದು ತೀರಾ ಸಣ್ಣಗಾಗಿದ್ದರೆ ಇನ್ನೂ ಸ್ವಲ್ಪ ದಿನ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಟಗಟ ಅಂತ ಉರುಳಿದರೆ ಗಿಟುಕಾಗಿದೆ, ಕೆಳಗೆ ಹಾಕು. ನಾನು ಎಂಟು ವರ್ಷದವನಿದ್ದಾಗಿನಿಂದ ಈ ಕೆಲಸ ಮಾಡಿದ್ದೇನೆ. ಅಪ್ಪನಿಗೆ ಕಣ್ಣು ಚೆನ್ನಾಗಿತ್ತು, ಆದರೂ ಅಟ್ಟದ ಮೇಲೆ ನಾವಿಬ್ಬರೂ ಒಂದೇ. ಅವರೂ ಕಿವಿಯನ್ನೇ ನಂಬಬೇಕಿತ್ತು.

ನನ್ನ ಪ್ರಕಾರ ಆಡಿಯೋ ಗೇಮ್ ಅಂದರೆ ಅದು. ಗೆಲ್ಲಲು ಏನೇನು ತಿಳಿಯಬೇಕೋ ಅಷ್ಟೂ ಸದ್ದಿನಲ್ಲೇ ಇರಬೇಕು, ಆಟ ಕಟ್ಟುವವನು ಅದನ್ನು ಬೇಕಂತಲೇ ಹಾಗೆ ಕಟ್ಟಿರಬೇಕು. ಹಾಗೆ ನೋಡಿದರೆ ನನ್ನ ಲೆಕ್ಕ 1990ರ ದಶಕದ ನಡುವಿನಿಂದ. ಅಮೆರಿಕದಲ್ಲಿ ಕಾರ್ಲ್ ಮಿಕ್ಲಾ, ಫಿಲ್ ವ್ಲಾಸಾಕ್ ಅನ್ನುವ ಇಬ್ಬರು ಪಿಸಿಎಸ್ ಗೇಮ್ಸ್ ಅಂತ ಇಟ್ಟುಕೊಂಡು ಡಾಸ್ ಅನ್ನುವ ಹಳೆಯ ವ್ಯವಸ್ಥೆಯ ಕಂಪ್ಯೂಟರ್‌ಗೆ ಸದ್ದು ತುಂಬಿದ ಆಟ ಮಾಡಿದರು. ಅವುಗಳಲ್ಲಿ ಎನಿ ನೈಟ್ ಫುಟ್‌ಬಾಲ್ ಹೆಸರು ಮಾಡಿತು. 1996ರಲ್ಲಿ ಕೆನಡಾದ ಮೈಕೆಲ್ ಫೀರ್, ತಾನೂ ಕಣ್ಣು ಕಾಣದವನು, ಆಡಿಸ್ಸಿ ಅಂತ ಒಂದು ಪತ್ರಿಕೆ ಶುರು ಮಾಡಿದ. ಬರೀ ಅಕ್ಷರ, ಇಮೇಲ್‌ನಲ್ಲಿ ಹೋಗುತ್ತಿತ್ತು. ಯಾವ ಆಟ ಆಡಬಹುದು, ಎಲ್ಲಿ ಸಿಕ್ಕಿಕೊಳ್ಳುತ್ತೇವೆ, ಹೇಗೆ ದಾಟಬೇಕು ಅಂತೆಲ್ಲ ಆಡುವವರೇ ಬರೆಯುತ್ತಿದ್ದರು.

ಕ್ಯಾತ್ಸಂದ್ರ ಅಕ್ಕ:
ಕೊಬ್ಬರಿ ಅಣ್ಣ, ಅಟ್ಟದ ಮಾತು ಓದಿ ನನ್ನ ಮಗಳಿಗೆ ಕೇಳಿಸಿದೆ. ಪಿಯುಸಿ ಓದುತ್ತಿದ್ದಾಳೆ, ಅವಳಿಗೂ ಕಾಣುವುದಿಲ್ಲ. "ಇನ್ನೊಂದು ಸಲ ಓದಮ್ಮ" ಅಂದಳು.

ಆದರೆ ಜಪಾನಿನ ಆಟ ಯಾಕೆ ಯಾರೂ ಎತ್ತಲಿಲ್ಲ? 1997ರಲ್ಲಿ ಕೆಂಜಿ ಎನೊ ಅನ್ನುವವರು ಟಿವಿಗೆ ಜೋಡಿಸಿ ಆಡುವ ಸೆಗಾ ಸ್ಯಾಟರ್ನ್ ಯಂತ್ರಕ್ಕೆ ರಿಯಲ್ ಸೌಂಡ್: ಕಾಜೆ ನೊ ರಿಗ್ರೆಟ್ ಅಂತ ಮಾಡಿದರು. ಪರದೆ ಮೇಲೆ ಚಿತ್ರವೇ ಇಲ್ಲ. ಟಿವಿ ಆನ್ ಮಾಡಿ ಕಣ್ಣು ಮುಚ್ಚಿಕೊಂಡರೂ ಒಂದೇ. ಅವರ ಆಟಗಳನ್ನು ಕಣ್ಣು ಕಾಣದವರೂ ಕಷ್ಟಪಟ್ಟು ಆಡುತ್ತಿದ್ದಾರೆ ಅಂತ ಪತ್ರ ಬಂತಂತೆ, ಹಾಗೆ ಆಡುವವರ ಮನೆಗೇ ಎನೊ ಹೋಗಿ ನೋಡಿದರಂತೆ. ಆಮೇಲೆ ಸೆಗಾ ಕಂಪನಿ ಜೊತೆ ಒಂದು ಮಾತು. ಆಟ ನಿಮಗೇ ಕೊಡುತ್ತೇನೆ, ನೀವು 1000 ಸ್ಯಾಟರ್ನ್ ಯಂತ್ರಗಳನ್ನು ಕಣ್ಣು ಕಾಣದವರಿಗೆ ಕೊಡಿ, ನಾನು 1000 ಆಟ ಕೊಡುತ್ತೇನೆ. ಪೆಟ್ಟಿಗೆಯೊಳಗೆ ಬ್ರೈಲ್‌ನಲ್ಲಿ ಸೂಚನೆ ಬರೆದಿದ್ದರು. ಇದಕ್ಕಿಂತ "ನಮಗೆ ಅಂತ" ಮಾಡಿದ್ದು ಇನ್ಯಾವುದಿದೆ? ದೊಡ್ಡ ಕಂಪನಿಯ ಯಂತ್ರದ ಮೇಲೆ, ಅಂಗಡಿಯಲ್ಲಿ ಎಲ್ಲರಿಗೂ ಸಿಗುವ ಹಾಗೆ!

ಸಿರಾ ಸೀಮೆ:
ಅಕ್ಕ, ಕೆಂಜಿ ಎನೊ ಮಾಡಿದ್ದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಆಟವಾ? ಕಥೆ ಕೇಳುತ್ತಾ ಹೋಗುತ್ತೀರಿ, ನಡುವೆ ಗಂಟೆ ಬಾರಿಸುತ್ತದೆ, ಆಗ ಒಂದು ದಾರಿ ಆರಿಸಬೇಕು, ಮತ್ತೆ ಕಥೆ. ಆಕಾಶವಾಣಿ ನಾಟಕಕ್ಕೆ ಎರಡು ಗುಂಡಿ ಇಟ್ಟ ಹಾಗೆ.

ಕ್ಯಾತ್ಸಂದ್ರ ಅಕ್ಕ:
ಇಟ್ಟರೆ ತಪ್ಪೇನು? ಚಿಕ್ಕವಳಿದ್ದಾಗ ರೇಡಿಯೋ ನಾಟಕ ಕೇಳುವಾಗ "ಆ ಬಾಗಿಲು ತೆಗೀಬೇಡ" ಅಂತ ಜೋರಾಗಿ ಕೂಗಿದ್ದೇನೆ. ಆ ಮಾತು ರೇಡಿಯೋಗೆ ಕೇಳಿಸುವ ಹಾಗಿದ್ದರೆ ಅದು ಆಟ ಅಲ್ವಾ?

ಕುಣಿಗಲ್ ಕುದುರೆ:
ಎಲ್ಲ ಓದಿದೆ. ನಾನು ಮೊಬೈಲು, ಕಂಪ್ಯೂಟರ್ ಎರಡರಲ್ಲೂ ಆಡುವವನು, ಕಣ್ಣು ಚೆನ್ನಾಗಿದೆ. ನನಗೆ ಒಂದು ವಿಷಯ ಮನಸ್ಸಿಗೆ ಕೂರುತ್ತಿಲ್ಲ. ನೀವು ಹೇಳುವ ಶುರುವಿನ ಆಡಿಯೋ ಗೇಮ್‌ಗಳ ಪಟ್ಟಿ ಹುಡುಕಿ ನೋಡಿದೆ. ಸ್ಪೇಸ್ ಇನ್ವೇಡರ್ಸ್ ಥರದ್ದು, ಪ್ಯಾಕ್‌ಮ್ಯಾನ್ ಥರದ್ದು, ಬಂದೂಕು ಹಿಡಿದು ಅಲೆಯುವ ಡೂಮ್ ಥರದ್ದು, ಪಿನ್‌ಬಾಲ್, ಕಾರ್ ರೇಸ್. ಎಲ್ಲ ಕಣ್ಣಿದ್ದವರ ಆಟದ ನಕಲು. ಸದ್ದಿಗೆ ಅದರದ್ದೇ ಜಗತ್ತಿದೆ ಅಂತ ಕೊಬ್ಬರಿ ಅಣ್ಣ ಅಷ್ಟು ಚೆನ್ನಾಗಿ ಬರೆದರು. ಹಾಗಿದ್ದ ಮೇಲೆ ಹೊಸದಾಗಿ ಯಾಕೆ ಯೋಚಿಸಲಿಲ್ಲ? ತಪ್ಪು ತಿಳಿಯಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ತಿಪಟೂರು ಕೊಬ್ಬರಿ:
ತಪ್ಪೇನಿಲ್ಲ, ಕೇಳಬೇಕಾದ ಪ್ರಶ್ನೆಯೇ.

ನನ್ನ ತಮ್ಮ ಮತ್ತು ನಾನು ರಜೆಯಲ್ಲಿ ತುಮಕೂರಿಗೆ ಚಿಕ್ಕಪ್ಪನ ಮನೆಗೆ ಬರುತ್ತಿದ್ದೆವು. ಅಲ್ಲೇ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ. ಗಂಟೆಗೆ ಇಷ್ಟು ಅಂತ ದುಡ್ಡು. ತಮ್ಮ ಆಡುತ್ತಿದ್ದ, ನಾನು ಪಕ್ಕದ ಸ್ಟೂಲ್ ಮೇಲೆ. ಗುಂಡು ಹಾರುವುದು, ಬಾಗಿಲು ತೆರೆಯುವುದು, ಸುತ್ತ ನಿಂತ ಹುಡುಗರು "ಹಿಂದೆ ನೋಡೋ ಹಿಂದೆ" ಅಂತ ಕೂಗುವುದು. ಮನೆಗೆ ಹೋದ ಮೇಲೆ ರಾತ್ರಿ ಮಲಗುವವರೆಗೂ ಅದೇ ಮಾತು. ಅವನು ಕಥೆ ಹೇಳುತ್ತಿದ್ದ, ನನ್ನ ಹತ್ತಿರ ಹೇಳಲು ಏನೂ ಇರುತ್ತಿರಲಿಲ್ಲ. ಆಗ ನನಗೆ ಬೇಕಾಗಿದ್ದು ಹೊಸ ಜಗತ್ತಲ್ಲ. ತಮ್ಮ ಆಡಿದ್ದೇ ಬೇಕಿತ್ತು.

2001ರಲ್ಲಿ ಜಿಎಂಎ ಗೇಮ್ಸ್‌ನ ಡೇವಿಡ್ ಗ್ರೀನ್‌ವುಡ್ ಶೇಡ್ಸ್ ಆಫ್ ಡೂಮ್ ಹೊರಗೆ ತಂದರು. ಅದಕ್ಕೆ ಮೊದಲು ಲೋನ್ ವುಲ್ಫ್ ಅಂತ ಜಲಾಂತರ್ಗಾಮಿಯ ಆಟ ಮಾಡಿದ್ದರು. ಶೇಡ್ಸ್ ಆಫ್ ಡೂಮ್ ನನ್ನ ಕೈಗೆ ಬಂದಿದ್ದು ಎಷ್ಟೋ ವರ್ಷ ತಡವಾಗಿ. ಹೆಡ್‌ಫೋನ್ ಹಾಕಿಕೊಂಡು ಕೂತೆ. ನನ್ನದೇ ಹೆಜ್ಜೆ ಸದ್ದು ಕೇಳಿಸುತ್ತದೆ. ನಡೆಯುತ್ತಾ ಎಡಗಡೆ ದಾರಿ ತೆರೆದುಕೊಂಡರೆ ಎಡಗಿವಿಗೆ ಗಾಳಿ ಬೀಸಿದ ಹಾಗೆ ಸದ್ದು. ದೂರದಲ್ಲಿ ಏನೋ ಉಸಿರಾಡುತ್ತಿದೆ. ನಿಂತೆ. ಅದು ಹತ್ತಿರ ಬರುತ್ತಿದೆ. ತಮ್ಮನನ್ನು ಕರೆದು ಹೆಡ್‌ಫೋನ್ ಅವನ ಕಿವಿಗೆ ಹಾಕಿದೆ. ಎರಡು ನಿಮಿಷ ಆಡಿ, ಗೋಡೆಗೆ ಡಿಕ್ಕಿ ಹೊಡೆದೂ ಹೊಡೆದೂ, "ಅಣ್ಣ, ಇಲ್ಲಿ ಎಡಕ್ಕೆ ಹೋಗಬೇಕಾ?" ಅಂತ ಕೇಳಿದ. ಆವತ್ತು ದಾರಿ ಹೇಳಿದ್ದು ನಾನು.

ಆಮೇಲೆ ಅದು ನಕಲು ಅನ್ನುವುದೂ ಪೂರ್ತಿ ಸರಿಯಲ್ಲ. ಹೆಸರು ಡೂಮ್ ಥರ, ಕೈಗೆ ಸಿಗುವ ಕೆಲಸವೇ ಬೇರೆ.

ಸಿರಾ ಸೀಮೆ:
ಅಣ್ಣ ಹೇಳಿದ "ಬೇರೆ ಕೆಲಸ" ಅನ್ನುವುದನ್ನು ಸ್ವಲ್ಪ ಬಿಡಿಸುತ್ತೇನೆ, ಕುಣಿಗಲ್ ಕುದುರೆಗೆ ಉಪಯೋಗ ಆಗಬಹುದು.

ಎರಡು ಸ್ಪೀಕರ್ ಇದ್ದರೆ ಎಡ ಬಲ ತೋರಿಸುವುದು ಸುಲಭ. ಟ್ರೂಪೇನಮ್ ಅಂತ ಒಂದು ಆಟ ಇದೆ. ಮೇಲಿನಿಂದ ಶತ್ರು ವಿಮಾನ ಇಳಿಯುತ್ತದೆ, ಸದ್ದು ಎಡದಲ್ಲಿದ್ದರೆ ನೀವು ಎಡಕ್ಕೆ ಸರಿಯಬೇಕು. ಸದ್ದು ಎರಡೂ ಕಿವಿಗೆ ಸಮ ಆದ ಕ್ಷಣ ಗುಂಡು ಹೊಡೆಯಬೇಕು. ಕಣ್ಣಿನ ಗುರಿಯನ್ನು ಕಿವಿಯ ಗುರಿ ಮಾಡಿದ್ದಾರೆ. ಸುಮ್ನೆ ಸದ್ದು ಸೇರಿಸಿದ್ದಲ್ಲ.

ಕಷ್ಟ ಇರುವುದು ಮುಂದೆ ಹಿಂದೆ ತೋರಿಸುವುದರಲ್ಲಿ. ಪಕ್ಕದಿಂದ ಬಂದ ಸದ್ದು ಒಂದು ಕಿವಿಗಿಂತ ಇನ್ನೊಂದಕ್ಕೆ ಹೆಚ್ಚೆಂದರೆ 0.7 ಮಿಲಿಸೆಕೆಂಡ್‌ನಷ್ಟು ತಡವಾಗಿ ಮುಟ್ಟುತ್ತದೆ, ಅಷ್ಟರಲ್ಲೇ ಮಿದುಳು ದಿಕ್ಕು ಹಿಡಿಯುತ್ತದೆ. ಆದರೆ ನೇರ ಎದುರಿನ ಸದ್ದು, ನೇರ ಬೆನ್ನ ಹಿಂದಿನ ಸದ್ದು ಎರಡೂ ಕಿವಿಗೆ ಒಂದೇ ಹೊತ್ತಿಗೆ ಬರುತ್ತವೆ. ನಿಜ ಜೀವನದಲ್ಲಿ ತಲೆ ತಿರುಗಿಸಿ ಗೊತ್ತು ಮಾಡಿಕೊಳ್ಳುತ್ತೇವೆ. ಆಟದಲ್ಲಿ ತಲೆ ತಿರುಗಿಸಿದರೆ ಹೆಡ್‌ಫೋನೂ ಜೊತೆಗೇ ತಿರುಗುತ್ತದಲ್ಲ! ಹಾಗಾಗಿ ಹಿಂದಿನ ಸದ್ದನ್ನು ಮಂಕಾಗಿಸುವುದು, ಅಥವಾ ದಪ್ಪ ಸ್ವರಕ್ಕೆ ಇಳಿಸುವುದು ಮಾಡಿದರು. ವಿಂಡೋಸ್‌ನಲ್ಲಿ ಡೈರೆಕ್ಟ್‌ಎಕ್ಸ್ ಅನ್ನುವ, ಆಟ ಬರೆಯುವವರಿಗೆ ಬೇಕಾದ ಸಿದ್ಧ ಸಾಫ್ಟ್‌ವೇರ್ ಬಂದ ಮೇಲೆ ಒಟ್ಟಿಗೆ ಹಲವು ಸದ್ದು ನುಡಿಸುವುದು, ಒಂದೊಂದನ್ನೂ ಬೇಕಾದ ಕಡೆ ನಿಲ್ಲಿಸುವುದು ಮನೆಯಲ್ಲಿ ಕೂತು ಬರೆಯುವ ಒಬ್ಬನಿಗೂ ಸಾಧ್ಯವಾಯಿತು. 2000ದ ಆಸುಪಾಸಿನಲ್ಲಿ ಒಮ್ಮೆಲೇ ಇಷ್ಟು ಆಟ ಬಂದಿದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು. 1999ರಲ್ಲಿ ಕ್ವೇಕ್ ಅನ್ನುವ ಗುಂಡು ಹಾರಿಸುವ ಆಟದ ಸೋರ್ಸ್ ಕೋಡನ್ನು, ಅಂದರೆ ಆಟ ಬರೆದ ಮೂಲ ಪ್ರೋಗ್ರಾಮನ್ನು, ಅದರ ಕಂಪನಿಯೇ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದನ್ನು ಹಿಡಿದುಕೊಂಡು ಕೆಲವರು ಆಡಿಯೋಕ್ವೇಕ್ ಕಟ್ಟಿದರು. ಅಲ್ಲಿ ನಕಲಲ್ಲ, ಅದೇ ಆಟ. ಅದರೊಳಗೇ ಕಿವಿಗೆ ದಾರಿ ಮಾಡಿಕೊಟ್ಟರು.

ಗುಬ್ಬಿ ಮೇಷ್ಟ್ರು:
ಈ ಮಾತು ಕೇಳಿ ಅಂಧರ ಕ್ರಿಕೆಟ್ ನೆನಪಾಯಿತು. ಕ್ರಿಕೆಟ್ ಕಣ್ಣಿದ್ದವರ ಆಟವೇ. ಆದರೆ ಚೆಂಡಿನೊಳಗೆ ಗೋಲಿ ಹಾಕಿ ಗಲಗಲ ಅನ್ನುವ ಹಾಗೆ ಮಾಡಿದರು, ನೆಲಕ್ಕೆ ತಾಗಿ ಉರುಳಿ ಬರುವ ಹಾಗೆ ಕೈ ಕೆಳಗಿನಿಂದ ಎಸೆಯಬೇಕು, ಎಸೆಯುವ ಮೊದಲು ಬೌಲರ್ ಕೂಗಿ ಹೇಳಬೇಕು. 1998ರಲ್ಲಿ ದೆಹಲಿಯಲ್ಲಿ ಅದರ ಮೊದಲ ವಿಶ್ವಕಪ್ಪೇ ನಡೆಯಿತು. ಅದನ್ನು ಯಾರೂ ನಕಲು ಅನ್ನುವುದಿಲ್ಲ.

ಕುಣಿಗಲ್ ಕುದುರೆ:
ಮೇಷ್ಟ್ರೇ, ಇದು ಒಪ್ಪಿದೆ. ಕೊಬ್ಬರಿ ಅಣ್ಣ, ತಮ್ಮನ ಕಥೆ ಓದಿದ ಮೇಲೆ "ನಕಲು" ಅಂದಿದ್ದನ್ನು ವಾಪಸ್ ತಗೊಂಡೆ. ಆದರೆ ನಕಲಿನಾಚೆಗೂ ಏನಾದರೂ ಬರಬೇಕು ಅನ್ನುವುದು ಮಾತ್ರ ಬಿಡುವುದಿಲ್ಲ. ನಮ್ಮೂರಿನ ಕುದುರೆ ಫಾರಂ ಹತ್ತಿರ ಬೆಳಗಿನ ಜಾವ ನಿಂತರೆ ಕುದುರೆ ನಡೆಯುತ್ತಿದೆಯಾ ಓಡುತ್ತಿದೆಯಾ ಅಂತ ಗೊರಸಿನ ಸದ್ದಿನಲ್ಲೇ ತಿಳಿಯುತ್ತದೆ. ಇಂಥದ್ದನ್ನು ಹಿಡಿದು ಯಾರೂ ಕನ್ನಡದಲ್ಲಿ ಆಟ ಮಾಡಿಲ್ಲವಲ್ಲ.

ಕ್ಯಾತ್ಸಂದ್ರ ಅಕ್ಕ:
ಕನ್ನಡ ಅಂದಿರಲ್ಲ, ಅಲ್ಲೇ ನನ್ನ ಸಂಕಟ. ಮಗಳು ಮೊದಲು ಓದಿದ ಕಡೆ ಕಂಪ್ಯೂಟರ್ ಲ್ಯಾಬ್ ಇತ್ತು. ಪರದೆ ಓದುವ ಸಾಫ್ಟ್‌ವೇರ್ ದುಡ್ಡು ಕೊಟ್ಟು ತಂದಿರಲಿಲ್ಲ, ಟ್ರಯಲ್ ಹಾಕಿದ್ದರು. 40 ನಿಮಿಷಕ್ಕೆ ಮಾತು ನಿಲ್ಲುತ್ತಿತ್ತು, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಬೇಕು. ಅದೂ ಬರೀ ಇಂಗ್ಲಿಷ್. ಆಟದ ಮಾತು ಎಲ್ಲಿಂದ ಬರಬೇಕು. ಈಗ ಎಲ್ಲಿಂದ ಶುರು ಮಾಡಿಸಲಿ ಅಣ್ಣ?

ತಿಪಟೂರು ಕೊಬ್ಬರಿ:
ಅಕ್ಕ, ಎನ್‌ವಿಡಿಎ ಹಾಕಿಸಿ, ಅದೂ ಪರದೆ ಓದುವ ಸಾಫ್ಟ್‌ವೇರೇ, ದುಡ್ಡು ಕೊಡಬೇಕಿಲ್ಲ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ್ದು, ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಅದರ ಜೊತೆಗೇ ಬರುವ, ಅಕ್ಷರವನ್ನು ಮಾತಾಗಿಸುವ ಈಸ್ಪೀಕ್‌ನಲ್ಲಿ ಕನ್ನಡ ದನಿಯೂ ಇದೆ. ಯಂತ್ರದ ದನಿಯೇ, ಒಂದು ವಾರ ಕಿವಿಗೆ ಒಡ್ಡಿಕೊಂಡರೆ ಅಭ್ಯಾಸ ಆಗುತ್ತದೆ. ಮೊದಲು ಎಡ ಬಲ ಹಿಡಿಯುವ ಸಣ್ಣ ಆಟ ಆಡಲಿ, ಶೇಡ್ಸ್ ಆಫ್ ಡೂಮ್ ಆಮೇಲೆ. ಹೆಡ್‌ಫೋನ್ ಅದಲುಬದಲಾಗಿ ಹಾಕಿಕೊಂಡಿಲ್ಲ ತಾನೇ ಅಂತ ಮಾತ್ರ ನೋಡಿ, ಎಡಗಿವಿಯದು ಬಲಕ್ಕೆ ಹೋದರೆ ಇಡೀ ದಿನ ಗೋಡೆಗೆ ಗುದ್ದಿಕೊಳ್ಳಬೇಕು.

ಮೇಷ್ಟ್ರೇ, ನಿಮ್ಮ ಹುಡುಗನಿಗೆ ಏನು ಹೇಳುತ್ತೀರಿ?

ಗುಬ್ಬಿ ಮೇಷ್ಟ್ರು:
ಇವತ್ತು ಊಟದ ಬಿಡುವಿನಲ್ಲಿ ಅವನನ್ನು ಪಕ್ಕ ಕೂರಿಸಿಕೊಂಡು ಇದನ್ನೆಲ್ಲ ಓದಿ ಹೇಳಿದೆ. ನೀನು ಹೇಳಿದ್ದು ಸರಿ, ನಾನು ತಪ್ಪು ಹೇಳಿದ್ದೆ ಅಂದೆ. ಅದು ಅವನಿಗೆ ಅಷ್ಟು ಮುಖ್ಯ ಆಗಲಿಲ್ಲ. ಇಸವಿ, ಹೆಸರು ಯಾವುದನ್ನೂ ಕೇಳಲಿಲ್ಲ. "ಸರ್, ಆ ಕಾಯಿ ಅಲ್ಲಾಡಿಸುವ ಸದ್ದು ರೆಕಾರ್ಡ್ ಮಾಡಿ ಕಳಿಸ್ತಾರಾ?" ಅಂತ ಕೇಳಿದ.

ತಿಪಟೂರು ಕೊಬ್ಬರಿ:
ಭಾನುವಾರ ಅಟ್ಟ ಹತ್ತುತ್ತೇನೆ. ಐದು ಕಾಯಿಯ ಸದ್ದು ಕಳಿಸುತ್ತೇನೆ, ಯಾವುದು ಹಸಿ ಯಾವುದು ಗಿಟುಕು ಅಂತ ನಾನು ಹೇಳುವುದಿಲ್ಲ. ಅವನೇ ಹೇಳಲಿ.

ಸಿರಾ ಸೀಮೆ:
ಅಣ್ಣ, ನನಗೂ ಕಳಿಸಿ. ಒಂದೊಂದು ಕಾಯಿಗೆ ಕೀಬೋರ್ಡಿನ ಒಂದೊಂದು ಕೀಲಿ ಹಾಕಿ ಕೊಡುತ್ತೇನೆ.