ಗ್ಯಾಲಕ್ಸಿ ಸುತ್ತ ತಿರುಗುವ ಅನಿಲ ಸಿಎಂಬಿಯಲ್ಲಿ ಗೊತ್ತಾಗುತ್ತಾ?

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿನಿ, ಉಡುಪಿ): ಮೇಡಂ ನಮಸ್ತೆ. ಗ್ಯಾಲಕ್ಸಿ ಸುತ್ತಲಿನ ಬಿಸಿ ಅನಿಲ ತಿರುಗುತ್ತಿದೆಯಾ ಅಂತ ಸಿಎಂಬಿ (ಆಕಾಶದ ಎಲ್ಲ ಕಡೆಯಿಂದ ಬರುವ ಹಳೆಯ ಮೈಕ್ರೋವೇವ್ ಬೆಳಕು) ನೋಡಿ ಹೇಳಬಹುದಂತೆ. ಅದು ಬಿಗ್ ಬ್ಯಾಂಗ್ ಆಗಿ 3.8 ಲಕ್ಷ ವರ್ಷಕ್ಕೆ ಹೊರಟ ಬೆಳಕು ಅಲ್ವಾ? ಗ್ಯಾಲಕ್ಸಿಯ ಸುದ್ದಿ ಅದರಲ್ಲಿ ಹೇಗೆ ಸೇರಿತು?

ಉತ್ತರ (ಭೌತಶಾಸ್ತ್ರ ಪ್ರಾಧ್ಯಾಪಕಿ, ಮಂಗಳೂರು): ಒಳ್ಳೇ ಪ್ರಶ್ನೆ. ಬೆಳಕು ಹೊರಟದ್ದು ಆಗಲೇ, ಆದರೆ ನಮ್ಮ ತನಕ ಬರುವಾಗ ದಾರಿಯಲ್ಲಿ ಎಷ್ಟೋ ಗ್ಯಾಲಕ್ಸಿಗಳನ್ನು ದಾಟಿ ಬರುತ್ತದೆ. ಅವುಗಳ ಸುತ್ತಲಿನ ಅನಿಲ ಸುಮಾರು ಹತ್ತು ಲಕ್ಷ ಡಿಗ್ರಿ ಬಿಸಿ. ಆ ಬಿಸಿಗೆ ಪರಮಾಣು ಒಡೆದು ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿ ಓಡಾಡುತ್ತವೆ. ದಾಟುವ ಬೆಳಕಿನಲ್ಲಿ ಒಂಚೂರು ಅವಕ್ಕೆ ಬಡಿದು ಚದುರುತ್ತದೆ. ಅನಿಲ ನಮ್ಮ ಕಡೆ ಬರುತ್ತಿದ್ದರೆ ಅಲ್ಲಿ ಸಿಎಂಬಿ ತುಸು ಬಿಸಿಯಾಗಿ ಕಾಣುತ್ತದೆ, ದೂರ ಹೋಗುತ್ತಿದ್ದರೆ ತುಸು ತಣ್ಣಗೆ. ಸೋವಿಯತ್ ಭೌತವಿಜ್ಞಾನಿಗಳಾದ ಸುನ್ಯಾಯೆವ್ ಮತ್ತು ಝೆಲ್ಡೋವಿಚ್ ತೋರಿಸಿಕೊಟ್ಟ ಪರಿಣಾಮ ಇದು. ಅನಿಲ ತಿರುಗುತ್ತಿದ್ದರೆ? ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು. ಆ ಜೋಡಿಯನ್ನೇ ಹುಡುಕುವುದು. ಈ ಉಪಾಯ 2002ರಲ್ಲೇ ಪ್ರಬಂಧಗಳಲ್ಲಿ ಬಂದಿತ್ತು.

ಪ್ರಶ್ನೆ (ಇಂಜಿನಿಯರ್, ಮಣಿಪಾಲ): ವ್ಯತ್ಯಾಸ ಎಷ್ಟು ಮೇಡಂ?

ಉತ್ತರ: ಸಿಎಂಬಿ 2.725 ಕೆಲ್ವಿನ್. ಒಂದು ಸಾಮಾನ್ಯ ಗ್ಯಾಲಕ್ಸಿಯಲ್ಲಿ ಈ ವ್ಯತ್ಯಾಸ ಒಂದು ಮೈಕ್ರೋಕೆಲ್ವಿನ್ (ಕೆಲ್ವಿನ್‌ನ ಹತ್ತು ಲಕ್ಷದಲ್ಲೊಂದು ಭಾಗ) ಕೂಡ ಇರುವುದಿಲ್ಲ. ಸಿಎಂಬಿಯ ಸ್ವಂತ ಏರಿಳಿತವೇ ಹತ್ತಾರು ಮೈಕ್ರೋಕೆಲ್ವಿನ್!

ಪ್ರಶ್ನೆ (ಅವರೇ): ಹಾಗಾದ್ರೆ ಅದರಲ್ಲೇ ಮುಳುಗಿ ಹೋಗುತ್ತದಲ್ಲ?

ಉತ್ತರ: ಒಂದೇ ಗ್ಯಾಲಕ್ಸಿ ನೋಡಿದರೆ ಹೌದು ಮಾರಾಯ್ರೆ. ಮಲ್ಪೆಯಲ್ಲಿ ರಾತ್ರಿ ಆಕಾಶದ ಫೋಟೋ ತೆಗೆಯುವವರು ಹಲವು ಫೋಟೋಗಳನ್ನು ಒಂದರ ಮೇಲೊಂದು ಕೂಡಿಸ್ತಾರಲ್ಲ, ಇಲ್ಲೂ ಹಾಗೇ ಸಾವಿರಾರು ಗ್ಯಾಲಕ್ಸಿಗಳನ್ನು ಕೂಡಿಸಬೇಕು. ಆದರೆ ಸುಮ್ನೆ ಕೂಡಿಸಿದರೆ ಬಿಸಿ ಬದಿ, ತಂಪು ಬದಿ ಒಂದಕ್ಕೊಂದು ಸೇರಿ ಸೊನ್ನೆ ಆಗುತ್ತದೆ. ಹಾಗಾಗಿ ಪ್ರತಿ ಚಿತ್ರವನ್ನೂ ಆ ಗ್ಯಾಲಕ್ಸಿಯ ಅಕ್ಷಕ್ಕೆ ಸರಿಯಾಗಿ ತಿರುಗಿಸಿ, ನಮ್ಮತ್ತ ಬರುವ ಬದಿ ಎಲ್ಲದರಲ್ಲೂ ಒಂದೇ ಕಡೆ ಇರುವಂತೆ ಮಾಡಬೇಕು. ನನಗೆ ಇದರಲ್ಲಿ ಅತಿ ಇಷ್ಟವಾದ ಭಾಗ ಇದೇ.

ಯಾವ ಬದಿ ಬರುತ್ತಿದೆ ಅನ್ನುವುದನ್ನು ನಕ್ಷತ್ರಗಳ ಬೆಳಕು ಹೇಳುತ್ತದೆ: ಬರುವ ಬದಿ ನೀಲಿಯತ್ತ, ಹೋಗುವ ಬದಿ ಕೆಂಪಿನತ್ತ ಸರಿದಿರುತ್ತದೆ. ಮ್ಯಾಂಗಾ ಎಂಬ ಗ್ಯಾಲಕ್ಸಿ ಸಮೀಕ್ಷೆ ಸುಮಾರು 10,000 ಗ್ಯಾಲಕ್ಸಿಗಳನ್ನು ಹೀಗೆ ಅಳೆದಿದೆ. ಇನ್ನೊಂದು ಅನುಕೂಲ, ಗ್ಯಾಲಕ್ಸಿಯ ಧೂಳಿನ ಬೆಳಕು ಎರಡೂ ಬದಿಗೆ ಹೆಚ್ಚುಕಡಿಮೆ ಸಮ. ಒಂದರಿಂದ ಇನ್ನೊಂದನ್ನು ಕಳೆದರೆ ಅದು ಹೋಗುತ್ತದೆ.

ಪ್ರಶ್ನೆ (ವಿದ್ಯಾರ್ಥಿನಿ): ಅನಿಲವೂ ನಕ್ಷತ್ರಗಳ ಹಾಗೆಯೇ ತಿರುಗಬೇಕು ಅಂತ ಇದೆಯಾ?

ಉತ್ತರ: ಇಲ್ಲ. ಅನಿಲದ ಅಕ್ಷ ಓರೆಯಾಗಿದ್ದರೆ ಕೂಡಿಸಿದ ಸಂಕೇತ ಕುಗ್ಗುತ್ತದೆ. ಸಿಎಂಬಿ ನಕ್ಷೆಯೂ ಸೂಕ್ಷ್ಮವಾಗಿರಬೇಕು: ಸಿಎಂಬಿ ಅಳೆದ ಪ್ಲಾಂಕ್ ಉಪಗ್ರಹದ ನಕ್ಷೆ ಸುಮಾರು 5 ಆರ್ಕ್‌ಮಿನಿಟ್‌ಗಿಂತ (ಒಂದು ಆರ್ಕ್‌ಮಿನಿಟ್ ಅಂದರೆ ಕೋನದ ಒಂದು ಡಿಗ್ರಿಯ 60ರಲ್ಲೊಂದು ಭಾಗ) ಸೂಕ್ಷ್ಮವಾಗಿಲ್ಲ, ದೂರದ ಗ್ಯಾಲಕ್ಸಿಯ ಎರಡೂ ಬದಿ ಅದರಲ್ಲಿ ಕಲಸಿಹೋಗುತ್ತವೆ. ಚಿಲಿಯ ಅಟಕಾಮಾದಂಥ 6 ಮೀಟರ್ ದೂರದರ್ಶಕಗಳ ನಕ್ಷೆ ಇದಕ್ಕೆ ಜಾಸ್ತಿ ಉಪಯೋಗ. ಈ ಅನಿಲವೇ ಗ್ಯಾಲಕ್ಸಿಗೆ ಇಳಿದು ಮುಂದೆ ನಕ್ಷತ್ರವಾಗುವುದು. ಅದಕ್ಕೇ ಅದು ಎತ್ತ, ಎಷ್ಟು ವೇಗದಲ್ಲಿ ತಿರುಗುತ್ತದೆ ಅಂತ ತಿಳಿಯಬೇಕು.