ಎಚ್ ಅಕ್ಷರದ ಅಡ್ಡಗೆರೆ

ಮ್ಯೂನಿಕ್‌ನಲ್ಲಿ ನಮ್ಮ ಶನಿವಾರದ ಹರಟೆಗೆ ಇಂಥದ್ದೇ ವಿಷಯ ಬೇಕು ಅಂತೇನಿಲ್ಲ. ಆದರೆ ಸೀನ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಬೆಳ್ಳಿ ನಾಣ್ಯವೊಂದನ್ನು ಮೇಜಿನ ಮೇಲೆ ಇಟ್ಟ ಮೇಲೆ ಬೇರೆ ಮಾತಿಗೆ ಜಾಗವೇ ಉಳಿಯಲಿಲ್ಲ.

"ಜರ್ಮನಿಯ ವುರ್ಟೆಂಬರ್ಗ್ ರಾಜ್ಯದ್ದು. 1911ರ ಮೂರು ಮಾರ್ಕಿನ ನಾಣ್ಯ" ಎಂದ ಸೀನ. "ರಾಜ ವಿಲ್ಹೆಲ್ಮ್, ರಾಣಿ ಷಾರ್ಲೊಟ್. ಮದುವೆಯಾಗಿ ಇಪ್ಪತ್ತೈದು ವರ್ಷ ಆಯಿತು ಅಂತ ಹೊಡೆಸಿದ್ದು. ರಾಣಿಯ ಹೆಸರಿನಲ್ಲಿ ಎಚ್ ಅಕ್ಷರ ಇದೆಯಲ್ಲ, ಅದರ ಅಡ್ಡಗೆರೆ ನೋಡು."

ಭಟ್ಟ ಕನ್ನಡಕ ಹಣೆಗೇರಿಸಿ ನೋಡಿದ. "ಇದೆ."

"ಇರೋದು ಗೊತ್ತು ಮಾರಾಯ. ನಡುವೆ ಇದೆಯೋ, ಮೇಲೆ ಇದೆಯೋ?"

"ನಡುವೆ."

"ಅದೇ ಗೋಳು. ಒಂಚೂರು ಮೇಲಿದ್ದಿದ್ದರೆ ಅಪರೂಪದ್ದು. ಬೆಲೆ ಎಷ್ಟೋ ಪಟ್ಟು ಜಾಸ್ತಿ."

"ಶಾಲೆಯಲ್ಲಿ ಎಚ್ ಹಾಗೆ ಬರೆದು ನಾನು ಕೈಗೆ ಪೆಟ್ಟು ತಿಂದಿದ್ದೇನೆ" ಎಂದ ಭಟ್ಟ. "ಇಲ್ಲಿ ಅದಕ್ಕೇ ದುಡ್ಡಾ?"

ಮಾಲಿನಿ ಸೀನನ ಹೆಂಡತಿ. ಅವಳು ನಾಣ್ಯ ನೋಡಿದವಳೇ, "ಅಯ್ಯೋ, ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ತಿಕ್ಕಿಕೊಡಲಾ?" ಎಂದಳು. ಸೀನ ಡಬ್ಬಿಯನ್ನು ಎದೆಗೆ ಅವುಚಿಕೊಂಡ. ಆ ಕಪ್ಪು ನೂರು ವರ್ಷ ಕೂತು ಬಂದ ಬಣ್ಣ, ತಿಕ್ಕಿ ಹೊಳಪು ಬರಿಸಿದ ನಾಣ್ಯವನ್ನು ಸಂಗ್ರಾಹಕರು ಮೂಸಿಯೂ ನೋಡುವುದಿಲ್ಲ ಎಂದು ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಕಾಫಿ ಆರಿತ್ತು. ಅವಳು ಈಗಲೂ ಒಪ್ಪಿಲ್ಲ.

ಭಟ್ಟನಿಗೆ ಬೇರೆ ಅನುಮಾನ. "ಜರ್ಮನಿಗೆ ಕೈಸರ್ ಅಂತ ಒಬ್ಬ ಚಕ್ರವರ್ತಿ ಇದ್ದನಲ್ಲ? ಇವನ್ಯಾವ ರಾಜ?"

ಸೀನನಿಗೆ ಅಷ್ಟೇ ಬೇಕಿತ್ತು. 1871ರ ಸಾಮ್ರಾಜ್ಯದಲ್ಲಿ 25 ರಾಜ್ಯಗಳು. ರಾಜರು, ಡ್ಯೂಕರು, ಪುಡಿ ದೊರೆಗಳು, ಹ್ಯಾಂಬರ್ಗ್‌ನಂಥ ದೊರೆಯಿಲ್ಲದ ನಗರಗಳು. ಎರಡು, ಮೂರು, ಐದು ಮಾರ್ಕಿನ ಬೆಳ್ಳಿ ನಾಣ್ಯದಲ್ಲಿ ಒಂದು ಕಡೆ ಆಯಾ ದೊರೆಯ ಮುಖ ಅಥವಾ ನಗರದ ಲಾಂಛನ. ಇನ್ನೊಂದು ಕಡೆ ಎಲ್ಲರಿಗೂ ಒಂದೇ ಹದ್ದು. ಮೂರು ಮಾರ್ಕಿನ ತೂಕ 16.67 ಗ್ರಾಂ, ಅದರಲ್ಲಿ ಬೆಳ್ಳಿ 15 ಗ್ರಾಂ.

"ಎಲ್ಲರದೂ ಮುಖ ಬೇಕು ಅಂತ ಹಟ ಹಿಡಿದರೆ ಮುಗಿಯಿತು" ಎಂದ ಸೀನ. "ರಾಯ್ಸ್ ಅಂತ ಒಂದು ವಂಶ. ಹಿರಿಯ ಮನೆ, ಕಿರಿಯ ಮನೆ, ಎರಡಕ್ಕೂ ಬೇರೆ ಬೇರೆ ರಾಜ್ಯ. ಹುಟ್ಟಿದ ಗಂಡುಮಕ್ಕಳಿಗೆಲ್ಲ ಒಂದೇ ಹೆಸರು, ಹೈನ್‌ರಿಶ್. ಪಟ್ಟಕ್ಕೆ ಬರಲಿ ಬಿಡಲಿ, ಹುಟ್ಟಿದ ಕೂಡಲೇ ನಂಬರು. ಹಿರಿಯ ಮನೆಯವರು ನೂರರ ತನಕ ಎಣಿಸಿ ಮತ್ತೆ ಒಂದರಿಂದ ಶುರು ಮಾಡುವುದು ಅಂತ ಇಟ್ಟುಕೊಂಡಿದ್ದರು. ಕಿರಿಯ ಮನೆಯವರು ಶತಮಾನ ಬದಲಾದಾಗ."

"ಊಟಕ್ಕೆ ಹೇಗೆ ಕರೆಯುತ್ತಿದ್ದರು?" ಮಾಲಿನಿ ಕೇಳಿದಳು. "ದರ್ಶಿನಿಯಲ್ಲಿ ಟೋಕನ್ ಕೂಗಿದ ಹಾಗಾ?"

"ಹಿರಿಯ ಮನೆಯ ಎರಡು ಮಾರ್ಕಿನಲ್ಲಿ ಇಪ್ಪತ್ತೆರಡನೇ ಹೈನ್‌ರಿಶ್. 1909ರ ಮೂರು ಮಾರ್ಕಿನಲ್ಲಿ ಇಪ್ಪತ್ನಾಲ್ಕನೆಯವನು."

"ಇಪ್ಪತ್ತಮೂರು?"

"ಪಟ್ಟ ಸಿಗಲಿಲ್ಲ."

"ಪಾಪ, ಟೋಕನ್ ಕಳೆದುಕೊಂಡಿರಬೇಕು" ಎಂದ ಭಟ್ಟ.

ಆಮೇಲೆ ಮಾತು ನಿಜವಾದ ಅಪರೂಪಗಳ ಕಡೆ ತಿರುಗಿತು. ನಮ್ಮ ಈ ಊರಿನ ಟಂಕಸಾಲೆಯ ಗುರುತು ಡಿ ಅಕ್ಷರ. 1918ರಲ್ಲಿ ಬವೇರಿಯಾದ ರಾಜ ಮೂರನೇ ಲುಡ್ವಿಗ್ ಮತ್ತು ರಾಣಿಯ ಮದುವೆಯ ಐವತ್ತನೇ ವರ್ಷಕ್ಕೆ ಇಲ್ಲಿ ಹೊಡೆದ ಮೂರು ಮಾರ್ಕು ಬರೀ 130.

"ಅವರಿಗೆ ಮಕ್ಕಳೆಷ್ಟು?" ಮಾಲಿನಿಯ ಪ್ರಶ್ನೆ.

"ಹದಿಮೂರು."

"ಸರಿಯಾಯ್ತು. ತಲೆಗೆ ಹತ್ತು."

ಅದೇ ನವೆಂಬರಿನಲ್ಲಿ ಕ್ರಾಂತಿಯಾಗಿ ಲುಡ್ವಿಗ್ ಕುರ್ಚಿ ಬಿಟ್ಟು ಓಡಿದ. ನಾಣ್ಯ ಮಾತ್ರ ಏರುತ್ತಲೇ ಹೋಯಿತು.

ಅದಕ್ಕಿಂತಲೂ ಕಡಿಮೆ ಇರುವುದು 1917ರ ಸ್ಯಾಕ್ಸನಿಯದು. ಮಾರ್ಟಿನ್ ಲೂಥರ್‌ನ ಚರ್ಚ್ ಸುಧಾರಣೆಗೆ 400 ವರ್ಷವಾಯಿತೆಂದು, ಅವನನ್ನು ಕಾಪಾಡಿದ ದೊರೆ 'ಜಾಣ' ಫ್ರೀಡ್ರಿಶ್‌ನ ಮುಖ ಹಾಕಿ ಹೊಡೆದದ್ದು 100. ಯುದ್ಧದ ಕಾಲ, ಅದಕ್ಕಿಂತ ಜಾಸ್ತಿ ಹೊಡೆಯಲಿಲ್ಲ.

"ನಾನು ಫೋನಿನಲ್ಲಿ ಮೂವತ್ತು ಯೂರೋಗೆ ನೋಡಿದೆ" ಎಂದ ಭಟ್ಟ.

"ಅದು ನಕಲು. ನೂರು ಅಸಲಿಗೆ ನಕಲು ಎಷ್ಟಿವೆಯೋ, ಎಣಿಸಿದವರಿಲ್ಲ. ಅಸಲು ಬೇಕಾದರೆ ಒಳ್ಳೆಯ ಕಾರು ಮಾರಬೇಕು."

ನನಗೆ ತಮಾಷೆ ಅನಿಸುವುದು ಬೇರೆ ವಿಷಯ. ಈ ಫ್ರೀಡ್ರಿಶ್ ಸ್ವತಃ ಮಹಾ ಸಂಗ್ರಾಹಕ. ಸಂತರ ಮೂಳೆ, ಏಸುವಿನ ಮುಳ್ಳಿನ ಕಿರೀಟದ್ದೆಂಬ ಮುಳ್ಳು, ಅವನು ಹುಟ್ಟಿದ ಗೋದಲಿಯದೆಂಬ ಹುಲ್ಲು, ಹೀಗೆ ಸಾವಿರಾರು ಪವಿತ್ರ ವಸ್ತುಗಳನ್ನು ವಿಟೆನ್‌ಬರ್ಗ್‌ನಲ್ಲಿ ಗುಡ್ಡೆ ಹಾಕಿದ್ದ. ಇಷ್ಟು ಹೇಳಿದ ಮೇಲೆ ಮಾಲಿನಿ ಗಂಡನನ್ನು ಸ್ವಲ್ಪ ಮೃದುವಾಗಿ ನೋಡಿದಳು. ಮೂಳೆ ತರುವುದಿಲ್ಲವಲ್ಲ, ಅಷ್ಟು ಸಾಕು ಅನಿಸಿರಬೇಕು.

"ಸರಿ, ಇದರಲ್ಲಿ ನಮ್ಮದೇನಿದೆ?" ಭಟ್ಟ ಬಿಡುವವನಲ್ಲ.

ಇದಕ್ಕೆ ಉತ್ತರ ನನ್ನಲ್ಲಿತ್ತು. 1871ರಲ್ಲಿ ಯುದ್ಧ ಗೆದ್ದ ಜರ್ಮನಿ ಫ್ರಾನ್ಸಿನಿಂದ 500 ಕೋಟಿ ಫ್ರಾಂಕ್ ದಂಡ ವಸೂಲಿ ಮಾಡಿತು. ಚಿನ್ನದ ಮಾರ್ಕಿಗೆ ಬದಲಾಯಿತು. ಬೇಡವಾದ ಥಾಲರ್ ಎಂಬ ಹಳೇ ನಾಣ್ಯಗಳ ಬೆಳ್ಳಿಯನ್ನು 1879ರ ತನಕ ಮಾರುಕಟ್ಟೆಗೆ ಸುರಿಯಿತು. ಅಮೆರಿಕದ ಗಣಿಗಳಿಂದಲೂ ಬೆಳ್ಳಿ ಬಂತು, ಬೇರೆ ದೇಶಗಳೂ ಬೆಳ್ಳಿ ಬಿಟ್ಟವು, ಬೆಲೆ ಬಿತ್ತು. ನಮ್ಮ ರೂಪಾಯಿ ಬೆಳ್ಳಿಯದು. ಎರಡು ಶಿಲಿಂಗ್ ಹತ್ತಿರ ಇದ್ದದ್ದು ಇಪ್ಪತ್ತು ವರ್ಷದಲ್ಲಿ ಒಂದೂಕಾಲಿಗೆ ಇಳಿಯಿತು. 1893ರಲ್ಲಿ, ಬೆಳ್ಳಿ ತಂದವರಿಗೆಲ್ಲ ರೂಪಾಯಿ ಹೊಡೆದುಕೊಡುವುದನ್ನೇ ಸರ್ಕಾರ ನಿಲ್ಲಿಸಿತು.

"ಅಂದರೆ ನಮ್ಮ ಮುತ್ತಜ್ಜನ ರೂಪಾಯಿಗೆ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಕಲ್ಲು ಹಾಕಿದ!"

"ಹಾಕಿ, ಆಮೇಲೆ ತಾವೇ ರೂಪಾಯಿ ಹೊಡೆದರು" ಎಂದ ಸೀನ. "ಪೂರ್ವ ಆಫ್ರಿಕಾದ ಅವರ ವಸಾಹತಿನಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತು. ಅದಕ್ಕೇ 1890ರಿಂದ ಅದೇ ತೂಕಕ್ಕೆ ಇವರದೂ ಒಂದು. ರೂಪಾಯಿಗೆ 64 ಪೆಸ, ಅದು ಅವರ ಚಿಲ್ಲರೆ ನಾಣ್ಯ. ನಾಣ್ಯದ ಮುಂಭಾಗದಲ್ಲಿ ಕೈಸರ್ ಎರಡನೇ ವಿಲ್ಹೆಲ್ಮ್, ತಲೆಯ ಮೇಲೆ ಹದ್ದು ಕೂತ ಶಿರಸ್ತ್ರಾಣ."

ಭಟ್ಟ ನೆಟ್ಟಗೆ ಕೂತ. "ಅದನ್ನು ನಾನೇ ತಗೋತೀನಿ. ಒಂದು ರೂಪಾಯಿಗೆ ಎಷ್ಟು?"

ಸೀನ ಫೋನಿನಲ್ಲಿ ತೋರಿಸಿದ. ಭಟ್ಟ ಅದನ್ನು ಇವತ್ತಿನ ರೂಪಾಯಿಗೆ ಗುಣಿಸಲು ಹೊರಟ. ಮಾಲಿನಿ ಫೋನ್ ಕಿತ್ತುಕೊಂಡಳು. "ಯೂರೋದಲ್ಲೇ ಇರಲಿ ಬಿಡು. ರಾತ್ರಿ ನಿದ್ದೆ ಮಾಡಬೇಕಲ್ವಾ?"